ಮಿಸ್ಸೇ ಇಲ್ಲ

10 ನವೆಂಬರ್ 2025, ಸೋಮವಾರ

ಒಂಬತ್ತಕ್ಕೆ ಒಂದು ರಿಂಗ್. ಕಟ್. ಮೀರಾ ಶಾಲೆ ತಲುಪಿದಳು.

ಉಪ್ಪಿಟ್ಟು ತಳ ಹಿಡಿದಿತ್ತು. ಮೇಲಿನದನ್ನು ತಿಂದೆ. ರವೆ ಪ್ಯಾಕೆಟ್ಟಿನ ಹಿಂಬದಿ 'ಉಪ್ಪಿಟು' ಎಂದು ಅಚ್ಚಾಗಿದೆ. ಒತ್ತಕ್ಷರ ಮಾಯ. ಪೆನ್ನು ತೆಗೆದು ತಿದ್ದಿದೆ. ಪ್ಯಾಕೆಟ್ ಖಾಲಿಯಾಗಿತ್ತು, ಕಸಕ್ಕೆ ಹಾಕಿದೆ. ತಿದ್ದಿದ ಮೇಲೆಯೇ ಹಾಕಿದ್ದು. ಪತ್ರಿಕೆ ಆಫೀಸಿನಲ್ಲಿ ಕೂತು ಅರ್ಧ ಆಯುಸ್ಸು ಪ್ರೂಫ್ ನೋಡಿದವನು ಇನ್ನೇನು ಮಾಡಿಯಾನು. ಹುಟ್ಟುಗುಣ ಸುಟ್ಟರೂ ಹೋಗದು.

ಮಧ್ಯಾಹ್ನ ಶಿವಪ್ರಸಾದ್ ಮೇಜಿಗೆ ಬಂದ. ಸಂಪಾದಕ ಅವನೇ, ನನಗಿಂತ ತುಂಬ ಚಿಕ್ಕವನು. ಆದರೂ 'ಸಾರ್' ಬಿಡುವುದಿಲ್ಲ, ಒಳ್ಳೆಯ ಹುಡುಗ. ಭಾನುವಾರದ ಪುರವಣಿಗೆ ನಾನು ಬರೆಯುವ 'ಪದ ಒಂದು, ಪರಿ ಹಲವು' ಅಂಕಣ ಜನ ಓದುತ್ತಿದ್ದಾರಂತೆ. 'ಅಡ್ಜಸ್ಟ್' ಆಯಿತು, 'ಲೈನ್' ಆಯಿತು, 'ಸೆಟ್' ಆಯಿತು.

"ಮುಂದಿನ ವಾರ ಮಿಸ್ ಮಾಡಿ ಸಾರ್."

"ಮಿಸ್ ಮಾಡಿದ್ರೆ ನೀನೇ ಬೈತೀಯಲ್ಲೋ."

"ಅಯ್ಯೋ, ಆ ಮಿಸ್ ಅಲ್ಲ ಸಾರ್. ಪದ. ಮಿಸ್ ಅನ್ನೋ ಪದ. ಯೂತ್‌ಗೆ ಹತ್ರ ಆಗುತ್ತೆ. ಮಿಸ್ ಯೂ, ಮಿಸ್ ಕಾಲ್, ಮಿಸ್ ಶಿವಮೊಗ್ಗ..."

ನೋಡೋಣ ಎಂದೆ.

12 ನವೆಂಬರ್, ಬುಧವಾರ

ಒಂದು ರಿಂಗ್. ಕಟ್.

ಅಂಕಣಕ್ಕೆ ಟಿಪ್ಪಣಿ ಮಾಡೋಣವೆಂದು ಕೂತೆ. ಮೊದಲು ಬರೆದುಕೊಂಡದ್ದು 'ಮಿಸ್ ಕಾಲ್'. ಇಂಗ್ಲಿಷಿನವರಿಗೆ ಅದು ಎತ್ತಲಾಗದೆ ಹೋದ ಕರೆ. ಒಂದು ಅಚಾತುರ್ಯ. ನಮ್ಮಲ್ಲಿ ಅದು ಕೊಡುವ ವಸ್ತು. 'ಮಿಸ್ ಕಾಲ್ ಕೊಡು' ಅನ್ನುತ್ತೇವೆ, ಒಂದು ಲೋಟ ನೀರು ಕೊಡು ಅಂದ ಹಾಗೆ. ಗುರಿ ತಪ್ಪಬೇಕೆಂದೇ ಬಿಡುವ ಬಾಣ ಪ್ರಪಂಚದಲ್ಲಿ ಇದೊಂದೇ ಇರಬೇಕು.

ನಮ್ಮ ಮನೆಯಲ್ಲಿ ಮೊದಲ ಮೊಬೈಲ್ ಬಂದಾಗ ಗಂಡ-ಹೆಂಡತಿ ಮಾಡಿಕೊಂಡ ಕಟ್ಟಳೆ. ಆಗ ಹೊರಗೆ ಹೋಗುವ ಕರೆ ತುಟ್ಟಿ. ಮೀರಾ ಬೆಳಗ್ಗೆ ಇಲ್ಲಿ ಶಿವಮೊಗ್ಗದ ಕೋಟೆಯ ಮನೆಯಿಂದ ಹೊರಟು ಭದ್ರಾವತಿ ಬಸ್ಸು ಹಿಡಿಯುವವಳು. ಅಲ್ಲೊಂದು ಖಾಸಗಿ ಶಾಲೆಯಲ್ಲಿ ಯುಕೆಜಿಗೆ ಮಿಸ್. ತಲುಪಿದ ಕೂಡಲೇ ಒಂದು ರಿಂಗ್ ಕೊಟ್ಟು ಕಟ್ ಮಾಡಬೇಕು. ಅರ್ಥ: ತಲುಪಿದೆ. ನಾನು ಎತ್ತಬಾರದು. ಎತ್ತಿದರೆ ದುಡ್ಡು ದಂಡ. ಒಂದು ಸಲ ಅಭ್ಯಾಸಬಲದಿಂದ ಎತ್ತಿ 'ಹಲೋ' ಅಂದುಬಿಟ್ಟಿದ್ದೆ, ಸಂಜೆ ಬಂದು ಚೆನ್ನಾಗಿ ಬೈದಿದ್ದಳು.

ಈಗ ಎಲ್ಲರದೂ ಅನ್‌ಲಿಮಿಟೆಡ್. ಆದರೂ ನಾವು ಒಂದು ರಿಂಗಿನವರು.

ಜೂನ್‌ನಲ್ಲಿ ಅವಳು ಭದ್ರಾವತಿಯ ಜನ್ನಾಪುರದಲ್ಲಿ ಒಂದು ರೂಮು ಮಾಡಿಕೊಂಡು ಹೋದಳು. ಬಸ್ಸು ಹತ್ತಿ ಇಳಿದು ಮಂಡಿ ನೋವು ಎಂದು ನೆಂಟರಿಗೆಲ್ಲ ಹೇಳಿದ್ದೇವೆ. ರೂಮಿನಿಂದ ಶಾಲೆಗೆ ನಡೆದುಕೊಂಡೇ ಹೋಗಬಹುದಂತೆ. ಮತ್ತೆ ತಲುಪುವುದೇನು ಬಂತು? ಅವಳು ಹೇಳಿಲ್ಲ, ನಾನು ಕೇಳಿಲ್ಲ. ಜೂನ್‌ನಿಂದ ನಮ್ಮಿಬ್ಬರ ನಡುವೆ ಇರುವ ಮಾತುಕತೆ ಇಷ್ಟೇ. ಒಂಬತ್ತಕ್ಕೆ ಒಂದು ರಿಂಗ್.

17 ನವೆಂಬರ್, ಸೋಮವಾರ

ರಿಂಗ್. ಕಟ್.

ಸ್ಕೂಟರು ಗಾಂಧಿ ಬಜಾರ್ ಹತ್ತಿರ ಗೊರ್ ಗೊರ್ ಅಂದು ನಿಂತಿತು. ತಳ್ಳಿಕೊಂಡು ಹೋದೆ. ಮೆಕ್ಯಾನಿಕ್ ಕಿವಿ ಕೊಟ್ಟು ಕೇಳಿ, "ಮಿಸ್ಸಿಂಗ್ ಹೊಡೀತಾ ಇದೆ ಸಾರ್. ಪ್ಲಗ್‌ನಲ್ಲಿ ಕಚಡಾ ತುಂಬಿದೆ" ಅಂದ. ನಿಂತಲ್ಲೇ ಬರೆದುಕೊಂಡೆ. ಇಂಗ್ಲಿಷಿನಲ್ಲಿ ಇಂಜಿನ್ ಮಿಸ್ ಆಗುತ್ತದೆ. ಕನ್ನಡದಲ್ಲಿ ಮಿಸ್ಸಿಂಗ್ ಹೊಡೆಯುತ್ತದೆ. ಇಲ್ಲದಿರುವುದೇ ಬಂದು ಹೊಡೆಯುತ್ತದೆ ಅಂದ ಹಾಗಾಯಿತು.

ಹೊರಟವನ ಪಕ್ಕದಲ್ಲೇ ಲಾರಿಯೊಂದು ಸವರಿಕೊಂಡು ಹೋಯಿತು. ಹಣ್ಣಿನ ಗಾಡಿಯವನು ಕೂಗಿದ, "ಜಸ್ಟ್ ಮಿಸ್ ಸಾಬ್. ನಸೀಬು ಚೆನ್ನಾಗಿದೆ." ಅಂದರೆ ಬದುಕಿದೆ. ಆಫೀಸಿಗೆ ಬಂದರೆ ಶಿವಪ್ರಸಾದ್ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ತಂಗಿಗೆ ಮೆಡಿಕಲ್ ಸೀಟು ಒಂದು ಮಾರ್ಕಿನಲ್ಲಿ ತಪ್ಪಿದೆ. "ಜಸ್ಟ್ ಮಿಸ್ ಸಾರ್." ಅಂದರೆ ಕೆಟ್ಟೆವು. ಒಂದೇ ಗಂಟೆಯ ಒಳಗೆ ಒಂದೇ ಮಾತು, ಒಬ್ಬನಿಗೆ ಹಾಲು, ಇನ್ನೊಬ್ಬನಿಗೆ ನೀರು.

ಇದನ್ನು ಸಂಜೆ ಯಾರಿಗಾದರೂ ಹೇಳಬೇಕು ಅನ್ನಿಸಿತು. ಮನೆಗೆ ಬಂದು ಬೀಗ ತೆಗೆದೆ.

26 ನವೆಂಬರ್, ಬುಧವಾರ

ರಿಂಗ್. ಕಟ್.

ಆಫೀಸಿನ ದೊಡ್ಡ ನಿಘಂಟು ಮನೆಗೆ ತಂದಿದ್ದೇನೆ. ಮಿಸ್ ಎಂಬುದು ಒಂದು ಪದವಲ್ಲ, ಎರಡು. ಹೆಸರಿಗೆ ಮೊದಲು ಬರುವ ಮಿಸ್, 'ಮಿಸ್ಟ್ರೆಸ್' ಎಂಬುದರ ತುಂಡು. ಯಜಮಾನಿ ಎಂಬ ಅರ್ಥ. ಆಮೇಲೆ ಮದುವೆಯಾಗದವಳು ಎಂದಾಯಿತು. ನಡುವೆ ಒಂದಷ್ಟು ಕಾಲ ಅದಕ್ಕೆ ಒಳ್ಳೆಯ ಹೆಸರಿರಲಿಲ್ಲ, ಇಟ್ಟುಕೊಂಡವಳನ್ನೂ ಹಾಗೇ ಕರೆಯುತ್ತಿದ್ದರಂತೆ. ನಮ್ಮಲ್ಲಿಗೆ ಬಂದದ್ದೇ ಮರ್ಯಾದೆ ಸಿಕ್ಕಿತು. ಮದುವೆಯಾಗಿ ಮೊಮ್ಮಕ್ಕಳಾದರೂ ಟೀಚರಮ್ಮ ಮಿಸ್ಸೇ. ಮೀರಾ ನನ್ನನ್ನು ಮದುವೆಯಾದ ಮರುದಿನವೂ ಮಿಸ್, ಇವತ್ತೂ ಮಿಸ್.

ಇನ್ನೊಂದು ಮಿಸ್ ಬೇರೆ ಕುಲದ್ದು. ಹಳೆಯ ಇಂಗ್ಲಿಷಿನ ಕ್ರಿಯಾಪದ. ಮೂಲಾರ್ಥ ಗುರಿ ತಪ್ಪುವುದು. ಎಸೆದ ಕಲ್ಲು ತಾಗದೆ ಹೋಗುವುದು. ಅದರಿಂದ ತಪ್ಪಿಹೋಗುವುದು, ಕೈ ಜಾರುವುದು. ಕೊನೆಗೆ, ಇಲ್ಲದವರ ಇಲ್ಲದಿರುವಿಕೆ ತಿಳಿಯುವುದು.

ಮಧ್ಯಾಹ್ನ ಶಿವಪ್ರಸಾದ್, "ಡಿಸ್‌ಮಿಸ್ಸೂ ಇದೇ ಜಾತಿನಾ ಸಾರ್?" ಎಂದ. ಅಲ್ಲ, ಅದು ಲ್ಯಾಟಿನ್, ಕಳಿಸುವುದು ಎಂದು ಅರ್ಥ, ಮಿಸೈಲೂ ಅದೇ ಮನೆಯದು ಎಂದೆ. "ನಿಮಗೆ ಎಲ್ಲ ಗೊತ್ತು ಮಾರಾಯ್ರೇ" ಎಂದು ಹೋದ. ಹೊಗಳಿದನೋ ತೆಗಳಿದನೋ.

ಊಟಕ್ಕೆ ತಿಳಿಸಾರು. ಅರ್ಧ ತೆಂಗಿನಕಾಯಿ ಫ್ರಿಜ್‌ನಲ್ಲಿ ಹಳದಿಯಾಗಿದೆ. ಒಬ್ಬನಿಗೆ ಕಾಯಿ ಒಡೆಯುವುದೇ ತಪ್ಪು ಲೆಕ್ಕ.

30 ನವೆಂಬರ್, ಭಾನುವಾರ

ಭಾನುವಾರ ಶಾಲೆ ಇಲ್ಲ. ರಿಂಗ್ ಇಲ್ಲ.

ಆಂಜನೇಯನ ಗುಡಿಗೆ ಹೋಗಿ ಬಂದೆ. ಹೊಳೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಬಂದು ಬಟ್ಟೆ ಒಗೆದೆ. ಇನ್ನೂ ಹನ್ನೊಂದೇ ಗಂಟೆ. ಭಾನುವಾರವನ್ನು ಯಾರು ಇಷ್ಟು ಉದ್ದ ಮಾಡಿದರೋ.

'ಮಿಸ್ ಮಾಡ್ಕೊಂಡೆ' ಬಗ್ಗೆ ಬರೆಯಬೇಕು. ಪೆನ್ನು ಓಡುತ್ತಿಲ್ಲ. ಯಾಕೆಂದು ಗೊತ್ತಿದೆ.

ಜೂನ್‌ನಲ್ಲಿ ಅವಳು ಹೊರಟ ದಿನ. ಆಟೋ ಬಂದು ನಿಂತಿತ್ತು. ಎರಡು ಬ್ಯಾಗು, ಒಂದು ಕುಕ್ಕರು. ಬಾಗಿಲಲ್ಲಿ ನಿಂತು ಹೇಳಿದಳು, "ನಿಮ್ಮ ಹತ್ರ ಒಂದು ಮಾತು ಆಡೋಕೂ ಮುಂಚೆ ಮನಸ್ಸಲ್ಲೇ ಬರೆದು ನೋಡ್ಕೋಬೇಕು. ಎಲ್ಲಿ ಕೆಂಪು ಗೆರೆ ಎಳೀತೀರೋ ಅಂತ. ನಂಗೆ ಸುಸ್ತಾಗಿದೆ. ಯುಕೆಜಿ ಮಕ್ಕಳ ಹತ್ರ ನಾನು ಮಾತಾಡ್ತೀನಿ ರೀ, ತೊದಲ್ತಾವೆ, ನಗ್ತಾವೆ, ಅಷ್ಟೇ." ಆಮೇಲೆ ಬ್ಯಾಗು ಎತ್ತಿಕೊಂಡು, ಮೆಲ್ಲಗೆ, "ಆದ್ರೂ ನಿಮ್ಮನ್ನ ಮಿಸ್ ಮಾಡ್ಕೋತೀನಿ" ಎಂದಳು.

ನಾನು ಏನಂದೆ? "ಮಿಸ್ ಮಾಡ್ಕೊಳ್ಳೋದು ಬಸ್ಸನ್ನ. ಮನುಷ್ಯರಿಗೆ ಹಾಗನ್ನಲ್ಲ" ಎಂದೆ.

ಬಾಯಿಂದ ಬಂದುಬಿಟ್ಟಿತು. ಅವಳು ನಕ್ಕಳು. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಆಟೋ ಹೋಯಿತು. ಮನೆಯ ಇನ್ನೊಂದು ಕೀಲಿಕೈ ಮಾತ್ರ ವಾಪಸು ಕೊಡಲಿಲ್ಲ, ನಾನೂ ಕೇಳಲಿಲ್ಲ. ಮಾರನೆಯ ಬೆಳಗ್ಗೆ ಒಂಬತ್ತಕ್ಕೆ ಒಂದು ರಿಂಗ್ ಬಂತು.

4 ಡಿಸೆಂಬರ್, ಗುರುವಾರ

ಇವತ್ತು ತಮಾಷೆ. ಒಂಬತ್ತಕ್ಕೆ ರಿಂಗ್ ಬಂತು, ಕಟ್ ಆಗಲೇ ಇಲ್ಲ. ಹೊಡೆದುಕೊಳ್ಳುತ್ತಲೇ ಇತ್ತು. ದೋಸೆ ಕಾವಲಿ ಮೇಲಿತ್ತು, ಕೈಯಲ್ಲಿ ಸಟ್ಟುಗ. ಕಟ್ ಮಾಡುವುದು ಮರೆತಿದ್ದಾಳೆ, ಯಾವುದೋ ಪಿಳ್ಳೆ ಸೀರೆ ಹಿಡಿದು ಎಳೆಯುತ್ತಿರಬೇಕು ಅಂದುಕೊಂಡೆ. ಎತ್ತಿದರೆ ಬೈಗುಳ. ಎತ್ತಲಿಲ್ಲ. ತಾನಾಗಿ ನಿಂತಿತು.

ದೋಸೆ ಚೆನ್ನಾಗಿ ಬಂದಿತ್ತು. ಯಾಕೋ ದಿನವಿಡೀ ಖುಷಿ.

5 ಡಿಸೆಂಬರ್, ಶುಕ್ರವಾರ

ರಿಂಗ್ ಬರಲಿಲ್ಲ.

8 ಡಿಸೆಂಬರ್, ಸೋಮವಾರ

ಇಲ್ಲ. ಫೋನು ಆಫ್ ಮಾಡಿ ಆನ್ ಮಾಡಿದೆ. ಆಫೀಸಿನ ಲ್ಯಾಂಡ್‌ಲೈನಿನಿಂದ ನನಗೆ ನಾನೇ ಮಾಡಿ ನೋಡಿದೆ. ಸರಿಯಾಗಿಯೇ ಹೊಡೆಯುತ್ತದೆ. ಶಿವಪ್ರಸಾದ್ ಒಂಥರಾ ನೋಡಿದ.

ಅಂಕಣಕ್ಕೆ 'ಕಟಿಂಗ್' ಕೊಟ್ಟೆ. ಕ್ಷೌರ, ಅರ್ಧ ಚಹಾ, ಪೇಪರ್ ಕಟಿಂಗ್. ಮಿಸ್ ಮುಂದಕ್ಕೆ.

12 ಡಿಸೆಂಬರ್, ಶುಕ್ರವಾರ

ಇಲ್ಲ.

ಜ್ವರವೇ? ಸಿಮ್ ಕಳೆಯಿತೇ? ಫೋನು ಕೈಗೆ ತೆಗೆದುಕೊಂಡೆ. ಏನೆಂದು ಶುರು ಮಾಡಲಿ? ಜೂನ್‌ನಿಂದ ಒಂದು ಮಾತಾಡದವನು 'ಯಾಕೆ ಮಿಸ್ ಕಾಲ್ ಕೊಡುತ್ತಿಲ್ಲ' ಎಂದು ಕರೆ ಮಾಡಿ ಕೇಳಿದರೆ ಅದಕ್ಕಿಂತ ನಗೆಪಾಟಲು ಬೇರಿಲ್ಲ. 'ಹೇಗಿದ್ದೀಯ' ಅಂದರೆ? ಪರವಾಗಿಲ್ಲ. ಆದರೆ ಅವಳು 'ಚೆನ್ನಾಗಿದೀನಿ' ಅಂದುಬಿಟ್ಟರೆ ಮುಂದಿನ ವಾಕ್ಯ ನನ್ನ ಹತ್ತಿರ ಇಲ್ಲ.

ಮನೆ ಇಷ್ಟು ಸದ್ದಿಲ್ಲದ್ದು ಎಂದು ಗೊತ್ತಿರಲಿಲ್ಲ. ಒಂದು ರಿಂಗ್ ಇಡೀ ದಿನವನ್ನು ಹಿಡಿದು ನಿಲ್ಲಿಸಿತ್ತು.

20 ಡಿಸೆಂಬರ್, ಶನಿವಾರ

ಗುಡಿ ಮುಂದೆ ಹೂವಿನ ಅಂಗಡಿಯಲ್ಲಿ ಜಯಾ ಸಿಕ್ಕಿದರು. ಮೀರಾಳ ಶಾಲೆಯವರೇ, ಇಲ್ಲೇ ಕೋಟೆ ಹಿಂದಿನ ಬೀದಿ. ಈಗಲೂ ಬಸ್ಸಿನಲ್ಲೇ ಓಡಾಡುತ್ತಾರೆ. ನನ್ನನ್ನು ನೋಡಿ ಮುಖ ಬಿಗಿದುಕೊಂಡರು. ನಾನೇ ಮಾತಾಡಿಸಿದೆ. ಮೀರಾ ಹುಷಾರಾಗಿದಾಳಾ ಎಂದೆ.

"ಹುಷಾರಾಗಿದಾರೆ. ಕೇಳ್ಬೇಕಿತ್ತಾ ಸಾರ್ ನಿಮಗೆ? ಅವ್ರು ಫೋನ್ ಮಾಡಿದ್ರೆ ಎತ್ತಲ್ಲ, ಈಗ ನನ್ನ ಹತ್ರ ಕೇಳ್ತೀರಿ."

ಯಾವಾಗ ಮಾಡಿದಳು ಎಂದೆ.

"ಹದಿನೈದು ದಿನ ಆಯ್ತೇನೋ. ಸ್ಟಾಫ್ ರೂಮಲ್ಲಿ ನನ್ನ ಎದುರಿಗೇ ಮಾಡಿದ್ದು. ನಾನೇ ಹೇಳಿದ್ದೆ, ಒಂದ್ಸಲ ಕೇಳಿ ನೋಡು ಮಾರಾಯ್ತಿ ಅಂತ. ರಿಂಗಾಯ್ತು, ರಿಂಗಾಯ್ತು, ನಿಂತೋಯ್ತು. ಫೋನ್ ಬ್ಯಾಗಿಗೆ ಹಾಕ್ಕೊಂಡು ಕ್ಲಾಸಿಗೆ ಹೋದ್ರು. ಆಮೇಲೆ ನಿಮ್ಮ ಹೆಸರು ಎತ್ತಿಲ್ಲ."

ವಿಷಯ ಇದು. ಅವರ ಮ್ಯಾನೇಜ್‌ಮೆಂಟಿನವರು ಹೊಳೆಹೊನ್ನೂರಿನಲ್ಲಿ ಹೊಸ ಶಾಲೆ ತೆರೆಯುತ್ತಾರೆ. ಮೀರಾ ಹೆಡ್‌ಮಿಸ್ಟ್ರೆಸ್ ಆಗಿ ಹೋಗಬೇಕಂತೆ, ಇರಲು ಮನೆಯನ್ನೂ ಕೊಡುತ್ತಾರಂತೆ. ಒಪ್ಪಿಕೊಂಡರೆ ಐದು ವರ್ಷ ಬಿಡುವ ಹಾಗಿಲ್ಲ. ಒಪ್ಪಿಕೊಳ್ಳಲೋ, ಇಲ್ಲ ರೂಮು ಬಿಟ್ಟು ಶಿವಮೊಗ್ಗಕ್ಕೆ ವಾಪಸು ಬರಲೋ ಎಂದು ನನ್ನನ್ನು ಕೇಳುವುದಕ್ಕೆ ಮಾಡಿದ ಕರೆ ಅದು.

"ಏನು ಹೇಳಿದ್ಲು ಅವ್ರಿಗೆ?"

"ಸಂಕ್ರಾಂತಿ ಕಳೀಲಿ, ಹೇಳ್ತೀನಿ ಅಂದಿದಾರೆ. ಹೂಂ ಅಂತಾರೆ ಬಿಡಿ. ಇನ್ನೇನಿದೆ ಅವ್ರಿಗೆ?"

ಹೂವು ತೆಗೆದುಕೊಂಡು ಹೋದರು. ಮಿಸ್ ಕಾಲ್ ಅಂದುಕೊಂಡೆ ಎಂದು ಅವರಿಗೆ ಹೇಗೆ ಹೇಳಲಿ. ದೋಸೆ ಹುಯ್ಯುತ್ತಿದ್ದೆ ನಾನು. ಅವಳು ಕೇಳುತ್ತಿದ್ದಳು, ನಾನು ದೋಸೆ ತಿರುವುತ್ತಿದ್ದೆ.

26 ಡಿಸೆಂಬರ್, ಶುಕ್ರವಾರ

ಧೈರ್ಯ ಮಾಡಿ ಬೆಳಗ್ಗೆ ಒಂಬತ್ತಕ್ಕೆ ನಾನೇ ಒಂದು ರಿಂಗ್ ಕೊಟ್ಟು ಕಟ್ ಮಾಡಿದೆ. ಮಾಡಿದ ಮೇಲೆ ಹೊಳೆಯಿತು. ಅದರ ಅರ್ಥ 'ತಲುಪಿದೆ'. ನಾನು ಎಲ್ಲಿಗೆ ತಲುಪಿದೆ? ಅಡುಗೆಮನೆಯಲ್ಲೇ ನಿಂತಿದ್ದೆ.

ಆ ಕಡೆಯಿಂದ ಏನೂ ಇಲ್ಲ.

2 ಜನವರಿ 2026, ಶುಕ್ರವಾರ

ಮೆಸೇಜು ಬರೆಯುತ್ತಿದ್ದೇನೆ, ಮೂರು ದಿನದಿಂದ.

'ಮೀರಾ, ಅಂದು ನಿನ್ನ ಕರೆಯನ್ನು ಸ್ವೀಕರಿಸಲಾಗಲಿಲ್ಲ.' ಸರ್ಕಾರಿ ಪ್ರಕಟಣೆ. ಅಳಿಸಿದೆ.

'ನೀನು ಹೊಳೆಹೊನ್ನೂರಿಗೆ ಹೋಗುವ ವಿಚಾರವಾಗಿ ನನ್ನ ಅಭಿಪ್ರಾಯ ಏನೆಂದರೆ.' ಅಭಿಪ್ರಾಯ ಕೇಳಿದವರಾರು? ಅಳಿಸಿದೆ.

'ಹೋಗಬೇಡ.' ಹೋಗಬೇಡ ಅನ್ನಲು ನಾನು ಯಾರು? ಗಂಡ. ಸರಿ. ಆದರೂ ಅಳಿಸಿದೆ.

'ನಿನ್ನ ಅನುಪಸ್ಥಿತಿ ನನ್ನನ್ನು ಕಾಡುತ್ತಿದೆ.' ಇದನ್ನು ಓದಿ ಅವಳು ಸ್ಟಾಫ್ ರೂಮಿನಲ್ಲಿ ಜೋರಾಗಿ ನಗುತ್ತಾಳೆ. ನನಗೂ ನಗು ಬಂತು. ಒಬ್ಬನೇ ನಕ್ಕೆ. ನಗು ಮುಗಿದ ಮೇಲೆ ಮನೆ ಇನ್ನೂ ದೊಡ್ಡದಾಯಿತು.

'ನಿನ್ನ ನೆನಪಾಗುತ್ತದೆ.' ವ್ಯಾಕರಣ ಸರಿ. ಅರ್ಥವೂ ಸರಿ. ಆದರೆ ನೆನಪಾಗುವುದಕ್ಕೆ ಮೊದಲು ಮರೆತಿರಬೇಕಲ್ಲ. ಮರೆತದ್ದು ಯಾವಾಗ?

ಇಷ್ಟು ಪದ ಗೊತ್ತಿದ್ದು ಏನು ಬಂತು.

4 ಜನವರಿ, ಭಾನುವಾರ

ಕಳಿಸಿದೆ. ಬೆಳಗ್ಗೆ ಕಾಫಿ ಕುಡಿಯುತ್ತ, ಯೋಚನೆ ಮಾಡದೆ, ಒತ್ತಿಬಿಟ್ಟೆ.

'ಮಿಸ್ ಮಾಡ್ಕೊಂಡೆ.'

ಅಷ್ಟೇ. ಕರ್ತೃ ಇಲ್ಲ, ಕರ್ಮ ಇಲ್ಲ. ಯಾರು ಯಾರನ್ನು, ಏನನ್ನು. ನನ್ನ ಮೇಜಿಗೆ ಬಂದಿದ್ದರೆ ಪಕ್ಕದಲ್ಲಿ ದೊಡ್ಡ ಪ್ರಶ್ನಾರ್ಥಕ ಹಾಕುತ್ತಿದ್ದೆ. ಮಾಡಿಕೊಂಡೆ ಎಂದೂ ಇಲ್ಲ, ಮಾಡ್ಕೊಂಡೆ. ಅವಳು ಆಡುವ ಹಾಗೆಯೇ.

ಎರಡು ಟಿಕ್ ಬಂತು. ಮಧ್ಯಾಹ್ನಕ್ಕೆ ನೀಲಿಯಾಯಿತು.

6 ಜನವರಿ, ಮಂಗಳವಾರ

ಉತ್ತರ ಬಂದಿದೆ. ಒಂದೇ ಪದ.

'ಏನನ್ನ?'

ನನ್ನ ಪ್ರಶ್ನಾರ್ಥಕ ನನಗೇ ವಾಪಸು ಬಂತು. ಇಷ್ಟು ವರ್ಷ ಜೊತೆಗಿದ್ದು ಕಲಿತಿದ್ದಾಳೆ, ಗುರುವಿಗೇ ತಿರುಮಂತ್ರ.

ಅವಳು ಕೇಳಿದ್ದು ನ್ಯಾಯ. ಆ ದಿನದ ಕರೆಯನ್ನು ಮಿಸ್ ಮಾಡಿಕೊಂಡೆ ಎಂದೋ? ನಿನ್ನನ್ನು ಮಿಸ್ ಮಾಡಿಕೊಳ್ಳುತ್ತಿದ್ದೇನೆ ಎಂದೋ? ಕರೆಯನ್ನು ಅಂದರೆ ಕ್ಷಮಾಪಣೆ. ನಿನ್ನನ್ನು ಅಂದರೆ... ಬೆರಳು ಮುಂದಕ್ಕೆ ಹೋಗಲಿಲ್ಲ.

9 ಜನವರಿ, ಶುಕ್ರವಾರ

ಅಂಕಣ ಮುಗಿಸಿದೆ. ಮಿಸ್. ಒಂದೇ ಪಟ್ಟಿಗೆ ಬರೆದೆ. ಟೀಚರ್ ಮಿಸ್, ಮಿಸ್ಸಿಂಗ್ ಹೊಡೆಯುವ ಸ್ಕೂಟರು, ಲಾರಿಯ ಜಸ್ಟ್ ಮಿಸ್, ಸೀಟಿನ ಜಸ್ಟ್ ಮಿಸ್. ಕೈ ತಾಗಿ ಲೋಟ ಉರುಳಿದರೆ 'ಮಿಸ್ಸಾಗಿ ಬಿತ್ತು' ಅನ್ನುತ್ತೇವೆ, ಅಲ್ಲಿ ಅದು ನಿರಪರಾಧ. 'ಬರ್ತೀನಿ, ಮಿಸ್ಸೇ ಇಲ್ಲ' ಅನ್ನುತ್ತೇವೆ, ಅಲ್ಲಿ ಅದು ಆಣೆ. ಕೊನೆಯ ಪ್ಯಾರಾ ಇಲ್ಲಿ ಇಳಿಸಿಕೊಳ್ಳುತ್ತೇನೆ.

'ಉಳಿದದ್ದು ಮಿಸ್ ಮಾಡ್ಕೊಂಡೆ. ಬಸ್ಸು ಹೋದರೂ ಇದೇ, ಮನುಷ್ಯರು ಹೋದರೂ ಇದೇ. ಇದು ತಪ್ಪು ಪ್ರಯೋಗ, ಬಸ್ಸಿಗೆ ಮಾತ್ರ ಅನ್ನಬೇಕು ಎಂದು ನಾನು ಒಬ್ಬರಿಗೆ ಹೇಳಿದ್ದೆ. ಹೇಳಬಾರದ ಹೊತ್ತಿನಲ್ಲಿ ಹೇಳಿದ್ದೆ. ನಮ್ಮ ಜನ ಸರಿಯಾಗಿಯೇ ಆಡುತ್ತಾರೆ. ಮೊದಲು ಕೈ ತಪ್ಪುತ್ತದೆ, ಆಮೇಲೆ ಇಲ್ಲವೆಂದು ತಿಳಿಯುತ್ತದೆ, ಎರಡಕ್ಕೂ ಒಂದೇ ಮಾತು ಸಾಕು. ಏನನ್ನ ಎಂದು ಕೇಳಿದರೆ ಉತ್ತರ ಇದು. ಕರೆಯನ್ನೂ, ಕರೆದವರನ್ನೂ. ಓದುಗರು ಇದನ್ನು ತಿದ್ದಬೇಕಾಗಿಲ್ಲ.'

ಶಿವಪ್ರಸಾದ್ ಓದಿದ. ತಲೆ ಎತ್ತಿ ನನ್ನನ್ನು ನೋಡಿದ. "ಪ್ರೂಫ್ ನಾನೇ ನೋಡ್ತೀನಿ ಸಾರ್, ನೀವು ಮನೆಗೆ ಹೋಗಿ" ಎಂದ.

11 ಜನವರಿ, ಭಾನುವಾರ

ಬಂದಿದೆ. ನಾಲ್ಕನೇ ಪುಟ. ಎರಡು ಕಡೆ ಅಚ್ಚಿನ ತಪ್ಪು ಉಳಿದಿದೆ. ಇರಲಿ.

ಓದುಗರು ಯಾರ್ಯಾರೋ ಮೆಸೇಜು ಮಾಡಿದ್ದಾರೆ. ಭದ್ರಾವತಿಯಿಂದ ಏನೂ ಇಲ್ಲ. ಅಲ್ಲಿ ಪೇಪರ್ ಹಾಕುವವನು ಭಾನುವಾರದ ಪುರವಣಿಯನ್ನು ಎಷ್ಟೋ ಸಲ ಬಿಟ್ಟೇ ಹಾಕುತ್ತಾನಂತೆ. ಶಾಲೆಯಲ್ಲಿ ಓದಿಯಾಳು. ಓದದೆಯೂ ಇದ್ದಾಳು.

ಸಂಜೆಯವರೆಗೆ ಫೋನು ಎದುರಿಗೇ ಇಟ್ಟುಕೊಂಡು ಕೂತೆ.

14 ಜನವರಿ, ಬುಧವಾರ

ರಿಂಗ್ ಇಲ್ಲ. ಮೆಸೇಜು ಇಲ್ಲ.

ನಾಳೆ ಸಂಕ್ರಾಂತಿ, ಶಾಲೆಗೆ ರಜ. ನಾಡಿದ್ದು ಅವಳು ಮ್ಯಾನೇಜ್‌ಮೆಂಟಿಗೆ ಉತ್ತರ ಹೇಳುತ್ತಾಳೆ. ಮಾಡುವುದಿದ್ದರೆ ನಾಳೆಯೇ.

ಸಂಜೆ ಬಜಾರಿಗೆ ಹೋದೆ. ಎಳ್ಳು-ಬೆಲ್ಲ ತೆಗೆದುಕೊಂಡೆ, ಸಕ್ಕರೆ ಅಚ್ಚು, ಎರಡು ಜಲ್ಲೆ ಕಬ್ಬು. ಮೀರಾ ಇದ್ದಾಗ ಹದಿನೈದು ದಿನ ಮುಂಚೆಯೇ ಕೊಬ್ಬರಿ ಹೆಚ್ಚಿ ಒಣಗಿಸುವವಳು. ಅಂಗಡಿಯದು ಅದರ ಹತ್ತಿರಕ್ಕೂ ಬರುವುದಿಲ್ಲ. ಪೊಟ್ಟಣದ ಮೇಲೆ 'ಎಳ್ಳು ಬೆಲ್ಲ ತಿಂದು ಒಳೆಯ ಮಾತಾಡಿ' ಎಂದು ಅಚ್ಚು. ಒಳ್ಳೆಯದರ ಒತ್ತು ಬಿದ್ದುಹೋಗಿದೆ. ಪೆನ್ನು ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ.

ನಾಳೆ ಹೋಗುವುದೇ. ಫೋನಿಲ್ಲ, ಮೆಸೇಜಿಲ್ಲ. ಎದುರಿಗೆ ನಿಂತು, ಬಾಯಿಗೆ ಬಂದದ್ದನ್ನು, ತಪ್ಪೋ ಒಪ್ಪೋ, ಹೇಳುವುದು. ಬಾ ಅನ್ನುವುದು. ಮಿಸ್ಸೇ ಇಲ್ಲ.

15 ಜನವರಿ, ಗುರುವಾರ. ಭದ್ರಾವತಿ, ಜನ್ನಾಪುರ

ಮೀರಾಳ ರೂಮಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬಾಗಿಲಿಗೆ ಬೀಗ.

ಹಬ್ಬದ ಬಸ್ಸು, ಕಾಲಿಡಲು ಜಾಗವಿರಲಿಲ್ಲ. ಕಬ್ಬು ಹಿಡಿದು ನಿಂತೇ ಬಂದೆ. ಕಂಡಕ್ಟರು "ಯಾವ ಗದ್ದೆ ಸಾರ್" ಎಂದು ಚೇಷ್ಟೆ ಮಾಡಿದ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ವಾಕ್ಯ ಕಟ್ಟುತ್ತಿದ್ದೆ, ಕೆಡವುತ್ತಿದ್ದೆ. ಊರು ಬಂದಾಗ ಒಂದೂ ಉಳಿದಿರಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆ.

ಬೀಗ ನೋಡಿ ನಿಂತಿದ್ದಾಗ ಪಕ್ಕದ ಮನೆಯಿಂದ ಒಬ್ಬರು ಹೊರಗೆ ಬಂದರು. ರೂಮಿನ ಓನರ್, ಸಾವಿತ್ರಮ್ಮ. ತಮಿಳಿನವರು, ಬಾಗಿಲಲ್ಲಿ ಪೊಂಗಲ್ ಹಬ್ಬದ ಕೋಲಂ ರಂಗೋಲಿ.

"ಯಾರು ಬೇಕು ಸಾರ್?"

"ಮೀರಾ."

"ಮಿಸ್ಸೇ ಇಲ್ವಲ್ಲ ಸಾರ್. ಬೆಳಗ್ಗೇನೇ ಹೋದ್ರು. ನೀವು?"

ನಾನು ಯಾರು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಕಬ್ಬನ್ನೂ ಮುಖವನ್ನೂ ನೋಡಿ, "ಓ, ಪೇಪರ್ ಸಾರಾ? ಭಾನುವಾರ ಬರೀತೀರಲ್ಲ. ನಂಗೆ ಕನ್ನಡ ಓದಕ್ಕೆ ಬರಲ್ಲ. ಮಿಸ್ಸೇ ಓದಿ ಹೇಳಿದ್ರು" ಎಂದರು.

"ಓದಿ ಏನಂದ್ರು?"

"ಒಂದು ಸಲ ಓದಿದ್ರು. ಆಮೇಲೆ ಅವರಷ್ಟಕ್ಕೆ ಅವರೇ ಇನ್ನೊಂದು ಸಲ ಓದಿದ್ರು. ಪೇಪರ್ ಮಡಚಿ ಇಟ್ಕೊಂಡ್ರು."

ಎಲ್ಲಿಗೆ ಹೋದರು ಎಂದು ಕೇಳಿದೆ. ಗೊತ್ತಿಲ್ಲ. ಹೊಸ ಸೀರೆ ಉಟ್ಟಿದ್ದರು, ಕೈಯಲ್ಲಿ ಒಂದು ಡಬ್ಬಿ ಇತ್ತು, ಬಸ್ ಸ್ಟ್ಯಾಂಡ್ ಕಡೆ ನಡೆದರು. ಹೊಳೆಹೊನ್ನೂರು ಅಂದರಾ? "ಕೇಳ್ಲಿಲ್ಲ ಸಾರ್. ಹಬ್ಬದ ದಿನ ಹೊರಟವರನ್ನ ಎಲ್ಲಿಗೆ ಅಂತ ಕೇಳಬಾರದಲ್ಲ." ಕೂತುಕೊಳ್ಳಿ ಎಂದು ಒಂದು ಲೋಟ ಕಾಫಿ ತಂದುಕೊಟ್ಟು ಒಳಗೆ ಹೋದರು.

ಹೊಳೆಹೊನ್ನೂರಿಗೇ ಇರಬೇಕು. ಹೊಸ ಮನೆ ನೋಡಲು. ಹೊಸ ಸೀರೆ ಉಟ್ಟು, ಎಳ್ಳು-ಬೆಲ್ಲ ಹಿಡಿದು. ಒಂದು ದಿನ ಮುಂಚೆ ಬಂದಿದ್ದರೆ. ಆ ದೋಸೆಯನ್ನು ಸೀಯಲು ಬಿಟ್ಟಿದ್ದರೆ. ಜಸ್ಟ್ ಮಿಸ್ ಎಂದು ಯಾರೂ ಹೇಳಲಿಲ್ಲ, ನಾನೇ ಹೇಳಿಕೊಂಡೆ, ಶಿವಪ್ರಸಾದನ ದನಿಯಲ್ಲಿ.

ಬಿಸಿಲು ಮೆಟ್ಟಿಲ ಮೇಲಕ್ಕೆ ಬಂತು. ಕಬ್ಬು ಬಾಗಿಲಿಗೆ ಒರಗಿಸಿದ್ದೇನೆ. ಕಾದರೆ ಸಂಜೆ ಬಂದಾಳು. ಬಂದರೆ ಹೇಳುತ್ತೇನೆ. ಬರದಿದ್ದರೆ ಕಬ್ಬನ್ನು ಸಾವಿತ್ರಮ್ಮನವರಿಗೆ ಕೊಟ್ಟು ಕೊನೆಯ ಬಸ್ಸು ಹಿಡಿಯುತ್ತೇನೆ. ನಾಳೆಯಿಂದ ಇನ್ನು

ಫೋನು. ಒಂದು ರಿಂಗ್. ಕಟ್.

ಮೀರಾ.

ತಲುಪಿದೆ ಎಂದು ಅರ್ಥ. ಇವತ್ತು ಶಾಲೆಗೆ ರಜ. ಎಲ್ಲಿಗೆ ತಲುಪಿದಳು? ಹೊಳೆಹೊನ್ನೂರು ತಲುಪಿದ್ದಕ್ಕೆ ನನಗೆ ಯಾಕೆ ರಿಂಗ್ ಕೊಡುತ್ತಾಳೆ? ಡಬ್ಬಿ. ಬಸ್ ಸ್ಟ್ಯಾಂಡ್. ಇನ್ನೊಂದು ಕೀಲಿಕೈ ಅವಳ ಹತ್ತಿರವೇ ಇದೆ.

ಅಯ್ಯೋ ದೇವರೇ. ನಾನು ಅವಳ ಬಾಗಿಲಲ್ಲಿ. ಅವಳು ನಮ್ಮ ಮನೆಯಲ್ಲಿ. ಬರುವ ಬಸ್ಸೂ ಹೋಗುವ ಬಸ್ಸೂ ದಾರಿಯಲ್ಲಿ ಎಲ್ಲೋ ಪಕ್ಕಪಕ್ಕದಲ್ಲೇ ದಾಟಿರಬೇಕು. ಅಡುಗೆಮನೆ ನೋಡಿರುತ್ತಾಳೆ. ಹಳದಿ ತೆಂಗಿನಕಾಯಿ ನೋಡಿರುತ್ತಾಳೆ.

ಮತ್ತೆ ಬರುತ್ತಿದೆ. ಒಂದು. ಕಟ್ ಆಗಲಿಲ್ಲ. ಎರಡು. ಇನ್ನೂ ಹೊಡೆಯುತ್ತಿದೆ. ಕಟ್ ಮಾಡುವುದು ಮರೆತಿಲ್ಲ ಅವಳು, ಈ ಸಲ ನಾನು ಎತ್